ದಡ ಸೇರಿದ ಮೇಲೂ ತಲೆಯ ಮೇಲೆ ತೆಪ್ಪ

*ಇಂದಿನ ಧಮ್ಮ ಚಿಂತನೆ*




ಹೋದ ದಸರಾ ರಜೆಯಲ್ಲಿ ನಾವು ಮನೆಮಂದಿ ಐದು ಜನ ಮುಂಬೈಯಿಂದ ಗೋವಾಕ್ಕೆ ಹೋಗುವ ಪ್ರವಾಸಿ ಹಡಗು ಹತ್ತಿದೆವು. ಎರಡು ವರ್ಷ ಚೀಟಿ ಹಾಕಿ ಕೂಡಿಸಿದ ದುಡ್ಡು. ನಾನು, ನಮ್ಮ ಮನೆಯವರು, ಇಬ್ಬರು ಮಕ್ಕಳು, ನಮ್ಮವ್ವ. ಅವ್ವ ಅದುವರೆಗೆ ಕಂಡ ದೊಡ್ಡ ನೀರೆಂದರೆ ನಮ್ಮ ತುಂಗಭದ್ರಾ ಡ್ಯಾಮು, ಹತ್ತಿದ್ದು ಹರಿಗೋಲು ಮಾತ್ರ.

ಬೆಳಿಗ್ಗೆ ದಾದರಿನ ಚೈತ್ಯಭೂಮಿಗೆ ಹೋಗಿ ತ್ರಿಸರಣ, ಪಂಚಶೀಲ ಹೇಳಿ ಬಂದಿದ್ದೆವು. 1913ರಲ್ಲಿ 22 ವರ್ಷದ ಬಾಬಾಸಾಹೇಬರು ಅಮೆರಿಕಕ್ಕೆ ಓದಲು ಹೊರಟಿದ್ದು ಇದೇ ಮುಂಬೈಯಿಂದ, ಹಡಗಿನಲ್ಲಿ ಎಂದು ಮಕ್ಕಳಿಗೆ ಹೇಳಿದೆ.

ಹಡಗಿನಲ್ಲಿ ಮೊದಲು ಮಾಡಿಸಿದ್ದು ಊಟವೂ ಅಲ್ಲ, ಆಟವೂ ಅಲ್ಲ. ಅಪಾಯ ಬಂದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಿಕೊಳ್ಳಬೇಕು ಎಂದು ಎಲ್ಲರಿಗೂ ತೋರಿಸಿದರು. ದೊಡ್ಡ ಕೋಣೆಯವರು, ಸಣ್ಣ ಕೋಣೆಯವರು ಒಂದೇ ಸಾಲಿನಲ್ಲಿ ನಿಂತಿದ್ದೆವು. ಅವ್ವ ಮೆಲ್ಲಗೆ ಕೇಳಿದಳು: "ನಮಗೂ ಇಂಥದ್ದೇ ಕೊಡ್ತಾರೇನವ್ವಾ?" 1912ರಲ್ಲಿ ಟೈಟಾನಿಕ್ ಮುಳುಗಿದಾಗ ಎಲ್ಲರಿಗೂ ಸಾಲುವಷ್ಟು ದೋಣಿಗಳಿರಲಿಲ್ಲ, 1,500ಕ್ಕೂ ಹೆಚ್ಚು ಜನ ಸತ್ತರು. ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ಜಾಗ ಇರಬೇಕೆಂದು 1914ರಲ್ಲಿ ಲಂಡನ್ನಿನಲ್ಲಿ ದೇಶಗಳು ಸೇರಿ ಒಪ್ಪಂದ ಮಾಡಿಕೊಂಡವು. ಅವ್ವನಿಗೆ ಅಷ್ಟೆಲ್ಲ ಹೇಳಲಿಲ್ಲ. "ಎಲ್ಲರಿಗೂ ಒಂದೇ ಅವ್ವಾ" ಎಂದೆ.

ರಾತ್ರಿ ಊಟದ ಮೇಜಿನಲ್ಲಿ ನಮ್ಮ ಕನ್ನಡ ಕೇಳಿ ಎದುರಿಗಿದ್ದ ಬೆಂಗಳೂರಿನ ಹಿರಿಯ ದಂಪತಿಗೆ ಖುಷಿಯಾಯಿತು. ಆ ತಾಯಿ ಕೇಳಿದರು: "ಹಬ್ಬ ಬಿಟ್ಟು ಬಂದಿದ್ದೀರಲ್ಲ, ನಿಮ್ಮಲ್ಲಿ ಆಯುಧಪೂಜೆ ಇಲ್ವಾ? ನೀವು ಯಾರ ಪೈಕಿ?"

ನಾನು ನಕ್ಕು, "ನಾವು ಕಂಪ್ಲಿ ಕಡೆಯವರು ಮೇಡಂ" ಎಂದೆ.

ಪಕ್ಕದಲ್ಲಿದ್ದ ಮಗಳು, ಎಂಟನೇ ತರಗತಿ, ಸಹಜವಾಗಿ ಹೇಳಿದಳು: "ನಾವು ಬೌದ್ಧರು ಅಜ್ಜಿ. ಬೆಳಿಗ್ಗೆ ಚೈತ್ಯಭೂಮಿಗೆ ಹೋಗಿ ಬಂದ್ವಿ."

"ಹೌದಾ" ಎಂದು ಅವರು ತಟ್ಟೆಯ ಕಡೆ ತಿರುಗಿದರು. ನನ್ನ ಗಂಟಲಲ್ಲಿ ತುತ್ತು ಇಳಿಯಲಿಲ್ಲ.

ಮಲಗುವಾಗ ಮಗಳು ಕೇಳಿದಳು: "ಅಮ್ಮಾ, ಬೆಳಿಗ್ಗೆ ನಾಲ್ಕನೇ ಶೀಲ ಹೇಳಿಸಿದ್ದು ನೀನೇ ಅಲ್ವಾ?" ನಾನು ಹೇಳಿದ್ದು ಸುಳ್ಳಲ್ಲ, ನಾವು ಕಂಪ್ಲಿ ಕಡೆಯವರೇ. ಆದರೆ ಒಂದು ನಿಜವನ್ನು ಇನ್ನೊಂದು ನಿಜದ ಮೇಲೆ ಮುಚ್ಚಳದಂತೆ ಇಟ್ಟಿದ್ದೆ.

ಆ ಮಾತು ನನ್ನದೂ ಅಲ್ಲ, ನಮ್ಮಪ್ಪನದು. ಹೊಳೆ ದಾಟುವಾಗ ಎಲ್ಲರೂ ದಾಟಿದ ಮೇಲೆ ಕೊನೆಯ ಹರಿಗೋಲಿಗೆ ಕಾದು ಬೆಳೆದವರು ಅವರು. ಹೊಸಪೇಟೆಯಲ್ಲಿ ಬಾಡಿಗೆ ಮನೆ ಕೇಳುವಾಗ ಯಾರು ಏನು ಕೇಳಿದರೂ "ಕಂಪ್ಲಿ ಕಡೆಯವರು" ಎನ್ನುತ್ತಿದ್ದರು. ಆ ಮಾತಿನಿಂದಲೇ ನಮಗೆ ಮನೆ ಸಿಕ್ಕಿತು, ನಾನು ಎಂ.ಎ. ಓದಿದೆ.

ಮಜ್ಝಿಮ ನಿಕಾಯದ ಅಲಗದ್ದೂಪಮ ಸುತ್ತದಲ್ಲಿ ಭಗವಾನ್ ಬುದ್ಧರು ತೆಪ್ಪದ ಹೋಲಿಕೆ ಕೊಡುತ್ತಾರೆ. ಒಬ್ಬ ಹುಲ್ಲು, ಕಡ್ಡಿ, ಎಲೆ ಕೂಡಿಸಿ ತೆಪ್ಪ ಕಟ್ಟಿ ಹೊಳೆ ದಾಟುತ್ತಾನೆ. ದಾಟಿಸಿತಲ್ಲ ಎಂದು ಅದನ್ನು ತಲೆಯ ಮೇಲೆ ಹೊತ್ತು ನಡೆದರೆ ಅದು ಸರಿಯೇ? ದಡ ಸೇರಿದ ಮೇಲೆ ಇಳಿಸಬೇಕು. ಒಳ್ಳೆಯದನ್ನೇ ಹಿಡಿದು ಕೂರಬಾರದು ಎಂದ ಮೇಲೆ, ಭಯವನ್ನು ಹೊತ್ತು ತಿರುಗುವುದೇಕೆ?

ಅಪ್ಪನಿಗೆ ಅದು ತೆಪ್ಪ. ನನಗೆ ತಲೆಹೊರೆ.

ಬಾಬಾಸಾಹೇಬರೂ ವಿದೇಶದಿಂದ ಬಂದು ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಎಲ್ಲೂ ಜಾಗ ಸಿಗದೆ ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದಿದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಅದನ್ನು ಅವರು ಮುಚ್ಚಿಡಲಿಲ್ಲ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ತಾವೇ ಬರೆದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ನಾವು ಯಾರೆಂದು ಎದೆಯೆತ್ತಿ ಹೇಳಿಕೊಳ್ಳುವ ದಡವನ್ನೂ ತೋರಿಸಿದರು.

ಮರುದಿನ ತಿಂಡಿಗೆ ನಾನೇ ಹೋಗಿ ಆ ತಾಯಿಯ ಎದುರು ಕೂತೆ. "ನಿನ್ನೆ ಮಗಳು ಹೇಳಿದ್ದೇ ಸರಿ ಮೇಡಂ, ನಾವು ಬೌದ್ಧರು" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಂಪಿ ನೋಡಲು ಯಾವ ತಿಂಗಳು ಒಳ್ಳೆಯದು ಎಂದು ಕೇಳಿದರು.

ಬಂಧುಗಳೇ, ಇನ್ನೂ ನಡುನೀರಿನಲ್ಲಿರುವವರು ಇದ್ದಾರೆ. ಮನೆಗಾಗಿ, ಕೆಲಸಕ್ಕಾಗಿ ಮೌನ ಹಿಡಿದವರನ್ನು ಹೀಯಾಳಿಸಬೇಡಿ. ಅವರಿಗೆ ಆ ತೆಪ್ಪ ಬೇಕು. ಅವರ ದಡ ಹತ್ತಿರವಾಗುವಂತೆ ಮಾಡುವುದು ನಮ್ಮ ಕೆಲಸ. ದಡ ಮುಟ್ಟಿದವರು ಮಾತ್ರ ತಲೆ ಮುಟ್ಟಿ ನೋಡಿಕೊಳ್ಳೋಣ.

*ಇಂದಿನ ಅಭ್ಯಾಸ:* ನಾನು ಯಾವ ಪ್ರಶ್ನೆಗೆ ಹೆದರಿ ಮಾತು ತಿರುಗಿಸುತ್ತೇನೆ? ರಾತ್ರಿ ಐದು ನಿಮಿಷ ಕೂತು ಯೋಚಿಸಿ. ಮಕ್ಕಳನ್ನೂ ಕೇಳಿ, ಅವರು ಗಮನಿಸಿರುತ್ತಾರೆ.

ಭವತು ಸಬ್ಬ ಮಂಗಲಂ
ಜೈ ಭೀಮ್ 💙
– ಅಧ್ಯಯನ ಬಳಗದ ಪರವಾಗಿ ಒಬ್ಬ ಶಿಕ್ಷಕಿ, ಹೊಸಪೇಟೆ