ಸೋಲಿಗರ ಮಾತು ಪ್ರಮಾಣವಾಗುವುದು ಯಾವಾಗ?

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ಕಾಡಿನ ತರಗೆಲೆಗೆ ಬೆಂಕಿ ಕೊಡುತ್ತಿದ್ದರು. ಅವರು ಅದನ್ನು ‘ತರಗು ಬೆಂಕಿ’ ಎನ್ನುತ್ತಾರೆ. ನೆಲಮಟ್ಟದಲ್ಲೇ ಸರಸರನೆ ಹರಿದು ಆರಿಹೋಗುವ ಬೆಂಕಿ ಅದು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು, ಬೆಂಕಿ ಅಪರಾಧವಾಯಿತು. ಆಮೇಲೆಯೇ ಲಂಟಾನ ಎಂಬ ಕಳೆಪೊದೆ ಕಾಡು ತುಂಬಿತು, ನೆಲ್ಲಿಮರಗಳಿಗೆ ಬಂದಳಿಕೆ ಹತ್ತಿತು ಎಂದು ಹಿರಿಯರು ಹೇಳುತ್ತಲೇ ಬಂದರು. ಕೇಳುವವರಿರಲಿಲ್ಲ.

ಕೇಳಿದ ಕೆಲವರಲ್ಲಿ ಏಟ್ರೀ ಸಂಸ್ಥೆಯ ಪರಿಸರ ವಿಜ್ಞಾನಿಗಳಿದ್ದರು. ನೆಲ್ಲಿ ಕಡಿಮೆಯಾಗಲು ಸೋಲಿಗರು ಕಾಯಿ ಕೀಳುವುದೇ ಕಾರಣವೇ ಎಂದು ನೋಡಲು ಹೊರಟ ಅಧ್ಯಯನಗಳು ಬಂದಳಿಕೆಯನ್ನೂ ಬೆಂಕಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. 1997ರಲ್ಲಿ ಅಳೆದ ಜಾಗಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ ಲಂಟಾನ ಇರುವ ಜಾಗಗಳು ಸುಮಾರು ಇಮ್ಮಡಿಯಾಗಿದ್ದವು.

ಇಲ್ಲೊಂದು ಹಳೆಯ ದಾರ್ಶನಿಕ ಪ್ರಶ್ನೆಯಿದೆ: ಯಾರ ಮಾತು ಜ್ಞಾನವಾಗುತ್ತದೆ? ನ್ಯಾಯದರ್ಶನ ಆಪ್ತನ ಮಾತನ್ನು ಪ್ರಮಾಣ, ಅಂದರೆ ಅರಿವಿನ ಸಾಧನ, ಎಂದೇ ಒಪ್ಪುತ್ತದೆ. ವಸ್ತುವನ್ನು ಸ್ವತಃ ಅರಿತು, ಅರಿತದ್ದನ್ನು ಅರಿತಂತೆ ತಿಳಿಸಬಯಸುವವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಭಾಷ್ಯಕಾರ ವಾತ್ಸ್ಯಾಯನ ಸ್ಪಷ್ಟವಾಗಿ ಬರೆದ. ಅಷ್ಟು ಹಿಂದೆಯೇ ಒಪ್ಪಿದ ಮಾತು ಅರಣ್ಯ ನಿರ್ವಹಣೆಯ ಕಡತಗಳಿಗೆ ಇನ್ನೂ ಪೂರ್ತಿ ಇಳಿದಿಲ್ಲವೆನ್ನುವುದು ನೋವಿನ ಸಂಗತಿ.

ಆದರೆ ತೊಡಕು ಅಷ್ಟಕ್ಕೇ ಮುಗಿಯುವುದಿಲ್ಲ. ಪ್ರತಿ ಸೋಲಿಗ ಕುಲಕ್ಕೂ ಕಾಡಿನಲ್ಲಿ ತನ್ನದೇ ಯೆಲ್ಲೆಯಿದೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ಬಗೆಯ ಪವಿತ್ರ ತಾಣಗಳು. ಸೋಲಿಗ ಹಿರಿಯರೂ ಸಂಶೋಧಕರೂ ಜಿಪಿಎಸ್ ಹಿಡಿದು ಇಂಥ ನೂರಾರು ತಾಣಗಳನ್ನು ನಕ್ಷೆಗೆ ಇಳಿಸಿದರು. ತರಗು ಬೆಂಕಿಯ ಮಾತನ್ನು ಪ್ರಯೋಗದಿಂದ ಪರೀಕ್ಷಿಸಬಹುದು. ಅಬ್ಬಿಯಲ್ಲಿ, ಅಂದರೆ ನೀರಿನ ತಾಣದಲ್ಲಿ, ದೈವವಿದೆ ಎಂಬ ಮಾತನ್ನು?

ನೈಯಾಯಿಕರು ಆಪ್ತನ ಮಾತೆಂಬ ಈ ಶಬ್ದಪ್ರಮಾಣದಲ್ಲೇ ದೃಷ್ಟಾರ್ಥ (ಕಾಣುವ ವಿಷಯದ ಮಾತು), ಅದೃಷ್ಟಾರ್ಥ (ಕಾಣದ ವಿಷಯದ ಮಾತು) ಎಂದು ಎರಡು ಬಗೆ ಮಾಡಿದರು. ಎರಡನ್ನೂ ಒಂದೇ ಆಪ್ತತ್ವದ ಮೇಲೆ ನಿಲ್ಲಿಸಿದರು. ಇಂದಿನ ಸಂಶೋಧನೆ ಮೊದಲನೆಯದನ್ನು ‘ಸಾಂಪ್ರದಾಯಿಕ ಜ್ಞಾನ’ವೆಂದು ಎತ್ತಿಕೊಂಡು, ಎರಡನೆಯದನ್ನು ‘ನಂಬಿಕೆ’ ಎಂದು ಬದಿಗಿಡುತ್ತದೆ. ಸೋಲಿಗರ ಬದುಕಿನಲ್ಲಿ ಇವು ಬೇರೆಬೇರೆಯಲ್ಲ. ಕುಲದ ದೇವರ ಬಳಿಗೆ ಹೋಗುವ ದಾರಿಯಲ್ಲೇ ಯಾವ ಪೊದೆ ಹೆಚ್ಚಿತು, ಯಾವ ಒರತೆ ಬತ್ತಿತು ಎಂಬುದು ಅವರಿಗೆ ಗೊತ್ತಾಗುತ್ತದೆ. ಪೂಜೆ ನಿಂತರೆ ಆ ದಾರಿ ಮುಚ್ಚುತ್ತದೆ, ಕಣ್ಣಾರೆ ಕಂಡು ಹೇಳುವವರೂ ಇಲ್ಲವಾಗುತ್ತಾರೆ. ವಿಜ್ಞಾನಿ ದೈವವನ್ನು ನಂಬಬೇಕಿಲ್ಲ. ಆದರೆ ತನಗೆ ಬೇಕಾದ ಮಾಹಿತಿಯನ್ನು ಮಾತ್ರ ಕಿತ್ತುಕೊಂಡು ಅದರ ಬೇರನ್ನು ಅಲ್ಲಗಳೆಯುವ ಹಕ್ಕು ಅವನಿಗಿಲ್ಲ.

2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಜೇನು, ನೆಲ್ಲಿ, ಪಾಚಿ ಸಂಗ್ರಹಕ್ಕೆ ಕಾನೂನಿನ ಬಲ ಬಂತು. ತರಗು ಬೆಂಕಿಯನ್ನು ಯಾವಾಗ, ಎಲ್ಲಿ, ಯಾರ ಮಾತಿನ ಮೇಲೆ ಹಚ್ಚಬೇಕು ಎಂಬ ತೀರ್ಮಾನದಲ್ಲಿ ಮಾತ್ರ ಆ ಗ್ರಾಮಸಭೆಗಳಿಗೆ ಇನ್ನೂ ಪಾಲು ಸಿಗಬೇಕಿದೆ.