ತಪ್ಪಿಗೆ ಹತ್ತು ಪದ

1920ರ ದಶಕದಲ್ಲಿ ಅಮೆರಿಕದ ಹೈಸ್ಕೂಲು ಮಕ್ಕಳಿಗೆ ಶೀಘ್ರಲಿಪಿ, ಟೈಪಿಂಗ್, ಲೆಕ್ಕ ಬರೆಯುವುದರಲ್ಲೂ ಪಂದ್ಯಗಳಿದ್ದವು. ದೊಡ್ಡವರ ಟೈಪಿಂಗ್ ಪಂದ್ಯಗಳಲ್ಲಿ ಒಂದು ತಪ್ಪಿಗೆ ಹತ್ತು ಪದ ಕಳೆಯುತ್ತಿದ್ದರು. 1923ರಲ್ಲಿ ಆಲ್ಬರ್ಟ್ ಟಾಂಗೋರಾ ಒಂದು ಗಂಟೆ ಕಾಲ ನಿಮಿಷಕ್ಕೆ 147 ಪದ ಹೊಡೆದದ್ದು ಹೀಗೆ ಕಳೆದು ಉಳಿದ ಲೆಕ್ಕ.

ನಮ್ಮೂರಿನ ಇನ್‌ಸ್ಟಿಟ್ಯೂಟಿನಲ್ಲಿ ‘ಎ ಎಸ್ ಡಿ ಎಫ್’ ಕುಟ್ಟಿದವಳು ನಾನು. ಈ ನಿಯಮ ನನಗೆ ಮೆಚ್ಚುಗೆ. ಅವಸರದ ಒಂದು ತಪ್ಪಿಗೆ ಹತ್ತರಷ್ಟು ದಂಡ ತೆರಬೇಕೆಂಬುದು ಮನೆ ನಡೆಸುವ ನಮಗೆ ಹೊಸತೇ?

ಆದರೂ ಒಂದು ಪ್ರಶ್ನೆ ಕಾಡುತ್ತದೆ. ಇವು ಇನ್ನೊಬ್ಬರ ಮಾತನ್ನು ಚಾಚೂ ತಪ್ಪದೆ ಇಳಿಸುವ ವಿದ್ಯೆಗಳು. ಆ ಮಾತೇ ಸುಳ್ಳಾಗಿದ್ದರೆ? ಒಂದಕ್ಷರವೂ ತಪ್ಪದ ಸುಳ್ಳಿಗೆ ಪೂರ್ತಿ ಅಂಕ! ಲೆಕ್ಕದ ಪುಸ್ತಕವೂ ಅಷ್ಟೆ. ರಸೀದಿಯೇ ಸುಳ್ಳಾದರೂ ಎರಡು ಬದಿ ತಾಳೆಯಾಗುತ್ತವೆ.

‘ತಪ್ಪು ಹೇಳಿದವನದು, ಬರೆದವಳದೇನು?’ ಎನ್ನಬಹುದು. ನಿಜ, ಹೊರೆ ಹೆಚ್ಚು ಅವನದೇ. ಆದರೆ ಆ ಮಾತು ಮೊದಲು ಬೀಳುವುದು ಅವಳ ಕಿವಿಗೆ. ‘ಇದು ಸರಿಯೇ ಸಾರ್?’ ಎಂದು ಕೇಳಬಲ್ಲವಳು ಆ ಗಳಿಗೆಯಲ್ಲಿ ಅವಳೊಬ್ಬಳೇ. ಕೇಳಿದರೆ ಕೆಲಸಕ್ಕೆ ಕುತ್ತು ಬಂದೀತು. ಅದಕ್ಕೇ ಆ ಪ್ರಶ್ನೆಗೆ ಬೆಲೆ.

ನಿಖರತೆ ಸತ್ಯದ ಅರ್ಧ ದಾರಿ. ಅಲ್ಲಿಯವರೆಗೆ ಬೆರಳು ಒಯ್ಯುತ್ತದೆ. ಉಳಿದರ್ಧಕ್ಕೆ ಪಂದ್ಯವಿಲ್ಲ, ಪದಕವಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ವೇಗವನ್ನು ಶಾಲೆ ಕಲಿಸಲಿ. ಆ ಪ್ರಶ್ನೆ ಕೇಳುವ ಧೈರ್ಯವನ್ನು ನಾವು ಕಲಿಸೋಣ.