ಅಭ್ಯಂಗದ ಋಣ

ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಸಮೀಪದಲ್ಲಿರುವ ಕನಕಗಿರಿಯು ಪೂಜ್ಯಪಾದಾಚಾರ್ಯರ ತಪೋಭೂಮಿಯೆಂದು ಜೈನಪರಂಪರೆಯು ನಂಬಿಕೊಂಡು ಬಂದಿದೆ. ದೇಹವನ್ನೇ ತಾನೆಂದು ಭಾವಿಸುವವನು ಬಹಿರಾತ್ಮನೆಂದೂ, ಆ ಭ್ರಾಂತಿಯೇ ಸಂಸಾರದುಃಖದ ಬೇರೆಂದೂ ‘ಸಮಾಧಿತಂತ್ರ’ದಲ್ಲಿ ನಿಷ್ಠುರವಾಗಿ ಪ್ರತಿಪಾದಿಸಿದ ಆ ಮಹನೀಯರೇ ಮನುಷ್ಯದೇಹದ ವ್ಯಾಧಿಗಳಿಗೆ ಪರಿಹಾರವನ್ನು ಹೇಳುವ ವೈದ್ಯಗ್ರಂಥವೊಂದನ್ನೂ ರಚಿಸಿದರೆಂದು ಅದೇ ಪರಂಪರೆ ಹೇಳುತ್ತದೆ, ಜಗದ್ದಳ ಸೋಮನಾಥನ ಕನ್ನಡ ‘ಕಲ್ಯಾಣಕಾರಕ’ಕ್ಕೆ ಆಧಾರವಾದದ್ದು ಪೂಜ್ಯಪಾದರ ಕೃತಿಯೇ ಎಂಬುದು ಪ್ರಸಿದ್ಧ. ದಿಗಂಬರ ಮುನಿಯ 28 ಮೂಲಗುಣಗಳಲ್ಲಿ ಅಸ್ನಾನವೂ ಒಂದು. ಹಲ್ಲುಜ್ಜದಿರುವುದು, ನೆಲದ ಮೇಲೆ ಮಲಗುವುದು, ದಿನಕ್ಕೊಂದೇ ಸಲ, ಅದೂ ನಿಂತುಕೊಂಡೇ ಉಣ್ಣುವುದು, ಇವೂ ಆ ಗಣನೆಯಲ್ಲಿಯೇ ಬರುತ್ತವೆ. ತನ್ನ ಮೈಗೆ ಸ್ನಾನದ ಸುಖವನ್ನೂ ನಿರಾಕರಿಸಿಕೊಂಡ ವ್ರತಿಯು ಪರರ ಮೈಯ ನೋವಿಗೆ ಔಷಧವನ್ನು ವಿಧಿಸಲು ಕುಳಿತದ್ದೇಕೆ?

ಬಹುಕಾಲದಿಂದ ಗ್ರಂಥಸ್ಥವಾದ ಕುತೂಹಲವಾಗಿ ಮಾತ್ರ ನನ್ನೊಳಗಿದ್ದ ಈ ಪ್ರಶ್ನೆಯು ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಸಾಗುವ ಹೆದ್ದಾರಿಯ ಬದಿಯ ಸ್ಪಾ ಒಂದರಲ್ಲಿ, ಬೆನ್ನುನೋವಿನ ನಿಮಿತ್ತದಿಂದ ಅಭ್ಯಂಗಕ್ಕೆಂದು ಹೋಗಿದ್ದಾಗ, ಅನಿರೀಕ್ಷಿತವಾಗಿ ಜೀವ ತಳೆಯಿತು. ಬೆಲೆ ಅಗ್ಗವಾಗಿತ್ತು, ಬಡವರಿಗೂ ಎಟುಕುವಂತಹ ಆರೈಕೆ ಎಂಬ ಕಾರಣದಿಂದಲೇ ನಾನು ಅದನ್ನು ಮೆಚ್ಚಿಕೊಂಡು ಒಳಹೊಕ್ಕಿದ್ದೆ. ಬಂಡೀಪುರದ ಕಾಡಿನೊಳಗಣ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನಸಂಚಾರಕ್ಕೆ ನಿಷೇಧವಿರುವುದರಿಂದ, ಕತ್ತಲಾಗುವುದರೊಳಗೆ ಕಾಡು ದಾಟಬೇಕೆನ್ನುವ ಪ್ರಯಾಣಿಕರೆಲ್ಲರೂ ಸಂಜೆಗೆ ಮುಂಚಿನ ಕೆಲವೇ ಗಂಟೆಗಳಲ್ಲಿ ಅಲ್ಲಿ ಒತ್ತೊತ್ತಾಗಿ ಕಾದಿದ್ದರು. ಎಣ್ಣೆ ಬೆಚ್ಚಗಾಗಿರಲಿಲ್ಲ. ಊಟವಾಗಿ ಎಷ್ಟು ಹೊತ್ತಾಯಿತು, ಉಂಡದ್ದು ಅರಗಿದೆಯೇ ಎಂದು ಯಾರೂ ಕೇಳಲಿಲ್ಲ. ಅಜೀರ್ಣವುಳ್ಳವನಿಗೆ ಅಭ್ಯಂಗವು ವರ್ಜ್ಯವೆಂದು ವಾಗ್ಭಟನು ‘ಅಷ್ಟಾಂಗಹೃದಯ’ದ ದಿನಚರ್ಯೆಯ ಅಧ್ಯಾಯದಲ್ಲಿಯೇ ಎಚ್ಚರಿಸಿದ್ದಾನೆ. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದು ಅವನು ಹೇಳಿದ್ದರೆ, ಇಲ್ಲಿ ಆ ಮೂರನ್ನೇ ಬಿಟ್ಟು ಬೆನ್ನನ್ನೂ ತೋಳುಗಳನ್ನೂ ಅವಸರದಿಂದ ತಿಕ್ಕಲಾಯಿತು. ಒದ್ದೆಯಾದ ಟವಲ್ಲು, ಕೆಟ್ಟು ನಿಂತ ಆವಿಪೆಟ್ಟಿಗೆ, ಅರ್ಧಕ್ಕೇ ತಣ್ಣಗಾದ ಬಿಸಿನೀರು, ಇವುಗಳನ್ನು ವಿಸ್ತರಿಸುವ ಅಗತ್ಯವಿಲ್ಲ. ಮೈ ತಿಕ್ಕುತ್ತಿದ್ದ ತರುಣನ ಬೆರಳುಗಳು ಸೋಪು ನೀರಿನಲ್ಲಿ ನೆನೆನೆನೆದು ಬಿರಿದಿದ್ದವು. ಕೇಳಿದಾಗ, “ಬೆಳಗ್ಗೆಯಿಂದ ಕುಂತಿಲ್ಲ ಸಾರ್, ಊಟಕ್ಕೂ ಬಿಟ್ಟಿಲ್ಲ” ಎಂದನು. ಹೊರಗಿನಿಂದ ಯಾರೋ ಬಾಗಿಲು ತಟ್ಟಿ, ಹೊತ್ತಾಯಿತೆಂದು ಅವನನ್ನು ಎಚ್ಚರಿಸಿದರು.

ಈ ನಿರಾಶೆಯನ್ನು ಹೇಳಿಕೊಂಡಾಗ ವೇದಾಂತದಲ್ಲಿ ಅಭಿರುಚಿಯುಳ್ಳ ಮಿತ್ರರೊಬ್ಬರು, ದೇಹಸುಖವನ್ನು ಅರಸಿ ಹೋದವನಿಗೆ ಬೇರೇನು ದೊರೆತೀತೆಂದೂ, ವಿಶ್ರಾಂತಿಯು ಆತ್ಮನಲ್ಲಿರುವುದೇ ಹೊರತು ಎಣ್ಣೆಯಲ್ಲಿಲ್ಲವೆಂದೂ ಸಮಾಧಾನ ಹೇಳಿದರು. ಈ ಸಮಾಧಾನವನ್ನು ನಾನು ಒಪ್ಪಲಾರೆ. ಆನಂದಮಯದ ವರೆಗೆ ಏರಿಸುವ ತೈತ್ತಿರೀಯೋಪನಿಷತ್ತು ಅನ್ನಮಯದಿಂದಲೇ ಆರಂಭಿಸುವುದಲ್ಲದೆ, ಅನ್ನವನ್ನು ನಿಂದಿಸಬಾರದೆಂದು ವ್ರತವನ್ನೇ ವಿಧಿಸುತ್ತದೆ. ಮಲೆಯ ಮಾದಪ್ಪನು ಹುಲಿಯನ್ನೇರಿ ಏಳುಮಲೆಯಲ್ಲಿ ಚರಿಸಿದ ವಿರಕ್ತನೆಂದು ಕೊಂಡಾಡುವ ನಮ್ಮ ಸೀಮೆಯ ಭಕ್ತರು, ಅಂತಹ ವಿರಕ್ತನಿಗೂ ಎಣ್ಣೆಮಜ್ಜನವನ್ನು ಮಾಡಿಸದೆ ತೃಪ್ತರಾಗುವುದಿಲ್ಲ. ಈ ಆಚಾರದಲ್ಲಿ ತತ್ತ್ವವಿಲ್ಲವೆನ್ನುವವನು ಭಕ್ತಿಯ ಮರ್ಮವನ್ನು ಅರಿಯನು.

ನನಗೆ ತೋರುವ ಉತ್ತರವಿದು. ದೇಹ ಬೇರೆ, ಆತ್ಮ ಬೇರೆ ಎಂಬ ವಿವೇಕವು ಪ್ರತಿಯೊಬ್ಬನೂ ತನ್ನ ವಿಷಯದಲ್ಲಿ ಪ್ರಯೋಗಿಸಿಕೊಳ್ಳಬೇಕಾದ ಶಸ್ತ್ರವೇ ಹೊರತು ಪರರ ಮೇಲೆ ಎತ್ತತಕ್ಕದ್ದಲ್ಲ. ನನ್ನ ಹಸಿವನ್ನು ನಾನು ಮಿಥ್ಯೆಯೆಂದರೆ ಅದು ತಪಸ್ಸಾಗಬಹುದು; ನೆರೆಯವನ ಹಸಿವನ್ನು ಮಿಥ್ಯೆಯೆಂದರೆ ಅದು ಕ್ರೌರ್ಯ. ಪರನ ಆತ್ಮವನ್ನು ನಾನು ಕಾಣಲಾರೆ, ಮುಟ್ಟಲಾರೆ. ನನ್ನ ಮುಂದಿರುವುದು ಅವನ ಬಿರಿದ ಬೆರಳು, ನೊಂದ ಬೆನ್ನು, ಬರಿದಾದ ಹೊಟ್ಟೆ. ಆದಕಾರಣ ಪರನಿಗೆ ಸಂಬಂಧಿಸಿದಂತೆ ಅವನ ದೇಹವನ್ನೇ ಅವನೆಂದು ಬಗೆದು ನಡೆದುಕೊಳ್ಳುವುದು ಧರ್ಮ. ಸ್ನಾನವನ್ನು ತ್ಯಜಿಸಿದ ಮುನಿಯು ವೈದ್ಯಗ್ರಂಥವನ್ನು ರಚಿಸಿದುದರಲ್ಲಿ ವಿರೋಧವೇನೂ ಇಲ್ಲ. ಒಂದೇ ವಿವೇಕವು ತನ್ನ ಕಡೆಗೆ ತಿರುಗಿದಾಗ ವೈರಾಗ್ಯವಾಗಿಯೂ ಪರರ ಕಡೆಗೆ ತಿರುಗಿದಾಗ ಚಿಕಿತ್ಸೆಯಾಗಿಯೂ ಪರಿಣಮಿಸಿತು.

ಹಾಗಾದರೆ ಹಣ ಕೊಟ್ಟು ಪಡೆಯುವ ಆರೈಕೆಯೇ ಕೀಳೇ? ಮನೆಯ ಹಿರಿಯಳು ಮಕ್ಕಳಿಗೆ ಹಚ್ಚುತ್ತಿದ್ದ ಹರಳೆಣ್ಣೆಯನ್ನು ನೆನೆದು, ಪ್ರೀತಿಯ ಕೈಯೊಂದೇ ಕೈ, ಕೂಲಿಯ ಕೈ ಕೈಯಲ್ಲ ಎನ್ನುವವರುಂಟು. ಆ ಹಿರಿಯಳ ಬೆನ್ನಿಗೆ ಎಣ್ಣೆ ಹಚ್ಚಿದವರಾರೆಂದು ಅವರು ಕೇಳುವುದಿಲ್ಲ. ಬಟ್ಟೆಯೊಗೆದು ಬಾಳಿದ ಮಡಿವಾಳ ಮಾಚಯ್ಯನನ್ನು ತಮ್ಮ ಮುಂದಾಳುಗಳಲ್ಲಿ ಒಬ್ಬನೆಂದು ಗೌರವಿಸಿದ ಶರಣರಿಗೆ ಜೀವನೋಪಾಯದ ದುಡಿಮೆಯೇ ಕಾಯಕವಾಗಿತ್ತು. ಪೂಜ್ಯಪಾದರು ಇದನ್ನು ಇನ್ನೂ ಸ್ಪಷ್ಟವಾಗಿ ವಿವೇಚಿಸಿದ್ದಾರೆ. ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತಿರುವುದೇ ಅವುಗಳ ಕಾರ್ಯವೆಂದು ‘ತತ್ತ್ವಾರ್ಥಸೂತ್ರ’ದ ಐದನೆಯ ಅಧ್ಯಾಯವು ಹೇಳಿದಲ್ಲಿ, ಅದಕ್ಕೆ ‘ಸರ್ವಾರ್ಥಸಿದ್ಧಿ’ಯೆಂಬ ವ್ಯಾಖ್ಯಾನವನ್ನು ಬರೆದ ಅವರು ಆರಿಸಿಕೊಂಡ ಮೊದಲನೆಯ ಉದಾಹರಣೆಯು ತಾಯಿ ಮಕ್ಕಳದಲ್ಲ, ಗುರು ಶಿಷ್ಯರದೂ ಅಲ್ಲ; ಒಡೆಯನದು ಮತ್ತು ಆಳಿನದು. ಒಡೆಯನು ಧನವನ್ನು ಕೊಡುವುದರಿಂದ ಆಳಿಗೆ ಉಪಕರಿಸುತ್ತಾನೆ. ಆಳು ಹಿತವನ್ನು ಸಾಧಿಸಿ ಅಹಿತವನ್ನು ತಡೆಯುವುದರಿಂದ ಒಡೆಯನಿಗೆ ಉಪಕರಿಸುತ್ತಾನೆ. ಕೊಡುವ ಹಣವು ಸೇವೆಯನ್ನು ಮಲಿನಗೊಳಿಸುತ್ತದೆಂಬ ಶಂಕೆ ಅವರಿಗಿಲ್ಲ. ಅದೂ ಜೀವಕ್ಕೆ ಜೀವವು ಸಲ್ಲಿಸುವ ಉಪಕಾರವೇ.

ಈ ಮಾತಿನ ಬೆಳಕಿನಲ್ಲಿ ನೋಡಿದಾಗ, ಆ ಅಗ್ಗದ ಕೋಣೆಯಲ್ಲಿ ಕೆಟ್ಟದ್ದು ತರುಣನ ಕೈಯ ಕೌಶಲವಲ್ಲ. ಆಳಿನ ಉಪಕಾರವೆಂದರೆ ಬರಿಯ ತಿಕ್ಕುವಿಕೆಯಲ್ಲ, ಹಿತಾಹಿತಗಳ ವಿಚಾರ. ಎಣ್ಣೆ ಬಿಸಿಯಾಗಿದೆಯೇ, ಉಂಡದ್ದು ಅರಗಿದೆಯೇ, ನೋವು ಎಲ್ಲಿದೆ ಎಂದು ಕೇಳುವುದಕ್ಕೆ ಬೇಕಾದ ಹೊತ್ತು. ಆ ಹೊತ್ತನ್ನು ಅವನಿಂದ ಕಿತ್ತುಕೊಂಡೇ ಬೆಲೆಯನ್ನು ಇಳಿಸಲಾಗಿತ್ತು. ಮೊದಲು ತಪ್ಪಿದ್ದು ಧನ ಕೊಡುವವರ ಕಡೆಯ ಉಪಕಾರ; ಇವನದು ತಪ್ಪಿದ್ದು ಅದರ ಪರಿಣಾಮವಾಗಿ. ಆಚಾರ್ಯರ ಉದಾಹರಣೆಯಲ್ಲಿ ಇಬ್ಬರೇ ಇದ್ದಾರೆ. ಇಲ್ಲಿ ಬಾಗಿಲು ತಟ್ಟುವ ಮೂರನೆಯವನೊಬ್ಬನಿದ್ದಾನೆ, ಮತ್ತು ಕೊಟ್ಟ ಹಣದಲ್ಲಿ ಎಷ್ಟು ಪಾಲು ಆ ಬೆರಳುಗಳಿಗೆ ಸೇರುತ್ತದೆಂಬುದನ್ನು ವಿಚಾರಿಸದೆಯೇ ಗಿರಾಕಿಯು ಹೊರಟುಹೋಗುತ್ತಾನೆ. ಬೆಲೆ ಇಳಿಸುವ ದಾರಿ ಬೇರೆಯೂ ಉಂಟು: ಪರಿಮಳದ ದೀಪ, ಬಣ್ಣದ ಪರದೆ, ಯಾರೂ ಕೂರದ ಸೋಫಾ ಇವುಗಳನ್ನೆಲ್ಲ ಬಿಟ್ಟು, ಒಬ್ಬ ಗಿರಾಕಿಗೂ ಮತ್ತೊಬ್ಬನಿಗೂ ನಡುವೆ ಅರ್ಧ ಗಂಟೆಯ ಬಿಡುವನ್ನೂ, ಕೂರಲು ಒಂದು ಮಣೆಯನ್ನೂ, ಹೊತ್ತಿಗೆ ಸರಿಯಾಗಿ ಊಟವನ್ನೂ ಕೆಲಸಗಾರನಿಗೆ ಒದಗಿಸಬಹುದು. ಅದರಿಂದ ದರವು ಕೊಂಚ ಏರಿದರೂ, ಊಟಿಯ ವಿಹಾರಕ್ಕೆ ಹೊರಟು ಗುಂಡ್ಲುಪೇಟೆಯಲ್ಲಿ ಕಾರು ನಿಲ್ಲಿಸಿದವರಿಗೆ ಆ ವ್ಯತ್ಯಾಸವು ಭಾರವಾಗಲಾರದು; ಹೊಲದ ದುಡಿಮೆಯಿಂದ ಬೆನ್ನು ನೊಂದು ಬರುವ ಸ್ಥಳೀಯರಿಗೆ ಹಳೆಯ ದರವನ್ನೇ ಉಳಿಸಿಕೊಡುವುದಕ್ಕೂ ಅದೇ ಹಣ ಸಾಕಾಗಬಹುದು.